ಹೆಲಿಕಾಪ್ಟರಿನ ನೆರಳು ಬೆನ್ನಟ್ಟಿದ ಚಿಗರಿ

ನಾನು ಒಂದು ಮುಧೋಳ ನಾಯಿ. ಘಟಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ, ಸಾಬವ್ವ ಎಂಬ ಹೆಂಗಸಿನ ಕುರಿಹಟ್ಟಿಯ ಮೂಲೆಯಲ್ಲಿ, ಕಬ್ಬಿನ ಒಣಗರಿಯ ರವದಿಯ ಮೇಲೆ ಹುಟ್ಟಿದೆ. ನಮ್ಮ ಜಾತಿಯ ಮೈ ನೋಡಿದವರು ಇವಕ್ಕೆ ಹೊಟ್ಟೆಗೆ ಹಾಕಿಲ್ಲವೇನೋ ಅಂದುಕೊಳ್ಳುತ್ತಾರೆ. ಕಾಲು ಉದ್ದ, ಸೊಂಟ ಸಣ್ಣ, ಪಕ್ಕೆಲುಬು ಎದ್ದು ಕಾಣುತ್ತದೆ. ಆದರೆ ಕಣ್ಣೆದುರು ಏನಾದರೂ ಓಡಿದರೆ ಸಾಕು, ನಮ್ಮ ಕಾಲು ನಮ್ಮ ಮಾತು ಕೇಳುವುದಿಲ್ಲ. ಓತಿಕ್ಯಾತ ಓಡಿದರೂ ನಾನು ಅದರ ಹಿಂದೆ ಜಿಗಿಯುತ್ತಿದ್ದೆ. ಅದನ್ನು ನೋಡಿ ಸಾಬವ್ವ ನನಗೆ ಚಿಗರಿ, ಅಂದರೆ ಜಿಂಕೆ, ಎಂದು ಹೆಸರಿಟ್ಟಳು.

ಹಾಲು ಬಿಟ್ಟು ರೊಟ್ಟಿ ತಿನ್ನುವಷ್ಟು ದೊಡ್ಡದಾದಾಗ ವಿನುತಾ ಗಲಗಲಿ ಎಂಬವಳು ನಮ್ಮ ಹಟ್ಟಿಗೆ ಬಂದಳು. ಬಾಗಲಕೋಟೆಯ ಹುಡುಗಿ, ಹೆಲಿಕಾಪ್ಟರ್ ನಡೆಸುವವಳು. ನಾನು ಮೊದಲು ಕಂಡದ್ದು ಅವಳ ಬೂಟು. ಅದರ ಹೊಲಿಗೆಯೊಳಗೆ ನಮ್ಮ ಊರಿನದಲ್ಲದ ಕೆಂಪು ಮರಳಿತ್ತು. ಮೂಸಿದೆ. ನೆಕ್ಕಿದೆ. ಅವಳು ಕೆಳಗೆ ಕುಕ್ಕುರುಗಾಲಲ್ಲಿ ಕೂತಳು.

"ಬಾಯಾರ, ಇದನ್ನ ಒಯ್ದು ಗ್ಯಾಲರಿಯೊಳಗ ಕಟ್ಟಿ ಹಾಕಬ್ಯಾಡ್ರಿ" ಎಂದಳು ಸಾಬವ್ವ. "ಓಡೂ ಜಾತಿ ಐತಿ. ಓಡಾಕ ಬಿಡಲಿಲ್ಲಂದ್ರ ಕೊರಗಿ ಸಾಯ್ತೈತಿ."

"ಓಡಾಕ ಜಾಗಕ್ಕೇನ ಕಡಿಮಿ ಇಲ್ಲವ್ವ ನಾನಿರೂ ಕಡೆ. ಉಸುಕು ಬಿಟ್ರ ಬ್ಯಾರೆ ಏನೂ ಇಲ್ಲ" ಎಂದು ವಿನುತಾ ನಕ್ಕಳು.

ಸಾಬವ್ವ ನನ್ನ ಹಣೆಗೆ ಒಂದಿಷ್ಟು ದೇವರ ಭಂಡಾರದ ಅರಿಸಿನ ಹಚ್ಚಿ ಅವಳ ಕೈಗಿತ್ತಳು. ಹೀಗೆ ನಾನು ರಾಜಸ್ಥಾನದ ಮರಳುಗಾಡಿಗೆ ಹೋದೆ.

ಅಲ್ಲಿ ನಮ್ಮದು ಡೇರೆಗಳ ಕ್ಯಾಂಪು. ನೆಲದಡಿಯ ನೀರು ಹುಡುಕುವುದು ವಿನುತಾಳ ಹೆಲಿಕಾಪ್ಟರಿನ ಕೆಲಸ. ಅದರ ಹೊಟ್ಟೆಯ ಕೆಳಗೆ ಹಗ್ಗ ಇಳಿಬಿಟ್ಟು, ಮನೆಯಷ್ಟು ಅಗಲದ ಬಳೆಯಂಥ ಚೌಕಟ್ಟನ್ನು ತೂಗುಹಾಕುತ್ತಿದ್ದರು. ಉತ್ತ ಹೊಲದ ಸಾಲಿನ ಹಾಗೆ ಅವಳು ಆಕಾಶದಲ್ಲಿ ನೇರ ಹೋಗಿ ನೇರ ಬರುತ್ತಿದ್ದಳು. ನಾನು ಡೇರೆಯ ನೆರಳಲ್ಲಿ ಮಲಗಿ ಆ ಸದ್ದು ಕೇಳುತ್ತಿದ್ದೆ. ಬೇರೆ ಹೆಲಿಕಾಪ್ಟರುಗಳೂ ಹಾದು ಹೋಗುತ್ತಿದ್ದವು, ಆದರೆ ನಮ್ಮದರ ಸದ್ದಿನಲ್ಲಿ ಒಂದು ಸಣ್ಣ ಸಿಳ್ಳೆ ಬೆರೆತಿರುತ್ತಿತ್ತು. ಅದು ಕೇಳಿದರೆ ನನ್ನ ಬಾಲ ತಾನೇ ಅಲ್ಲಾಡುತ್ತಿತ್ತು.

ಒಮ್ಮೆ ಕ್ಯಾಂಪು ಬೇರೆ ಕಡೆಗೆ ಎದ್ದಾಗ ನಾನೂ ಹೆಲಿಕಾಪ್ಟರಿನಲ್ಲಿ ಹಾರಿದೆ. ಮೆಕ್ಯಾನಿಕ್ ಹರಬನ್ಸ್, ದೊಡ್ಡ ಪೇಟದ ಹಿರಿಯ, ನನ್ನ ಕಿವಿಗೆ ಅರಳೆ ತುರುಕಿ, ತಲೆಗೆ ಬಟ್ಟೆ ಸುತ್ತಿ, ತನ್ನ ತೊಡೆಯ ನಡುವೆ ಗಟ್ಟಿಯಾಗಿ ಹಿಡಿದು ಕೂತ. "ಹಲ್ಲುನೋವಿನ ಅಜ್ಜಿಯ ಹಾಗೆ ಕಾಣುತ್ತೀಯಲ್ಲೇ" ಎಂದು ನಕ್ಕ. ನೆಲ ಕೆಳಗೆ ಇಳಿದುಹೋಯಿತು. ಒಂಟೆಗಳು ಇರುವೆಗಳಾದವು. ಹೆದರಿ ಅವನ ಪ್ಯಾಂಟು ಒದ್ದೆ ಮಾಡಿದೆ. ಅವನು ಬೈಯಲಿಲ್ಲ.

ರಜೆಯ ದಿನ ಮಾತ್ರ ನಮ್ಮಿಬ್ಬರದೇ. ಬೆಳಕು ಹರಿಯುವ ಮೊದಲೇ ವಿನುತಾ ಬೆನ್ನಿಗೆ ನೀರಿನ ಚೀಲ ಏರಿಸುತ್ತಿದ್ದಳು. ಹಳೆಯ ಜೀನ್ಸ್ ಕತ್ತರಿಸಿ ನನಗೆ ನಾಲ್ಕು ಕಾಲುಚೀಲ ಹೊಲಿದಿದ್ದಳು. ಜನವಿಲ್ಲದ ದಿಕ್ಕು ನೋಡಿ ಹೊರಡುತ್ತಿದ್ದೆವು. ದಿಬ್ಬ ಹತ್ತಿದರೆ ಮತ್ತೊಂದು ದಿಬ್ಬ, ನಡುನಡುವೆ ಒಂದೊಂದು ಬನ್ನಿ ಮರ. ಬನ್ನಿಯ ಬುಡದಲ್ಲಿ ಕೂತು ತನ್ನ ಟೋಪಿಯೊಳಗೆ ನೀರು ಸುರಿದು ಮೊದಲು ನನ್ನ ಮುಂದೆ ಹಿಡಿಯುತ್ತಿದ್ದಳು. ನಾನು ಕುಡಿದು ಮುಖ ಒರೆಸಿಕೊಳ್ಳುವುದು ಅವಳ ತೋಳಿಗೆ. ಮೇಲೆ ಹಾರುವಾಗ ಅವಳು ರೇಡಿಯೋದಲ್ಲಿ ಯಾರ ಯಾರದೋ ಮಾತು ಕೇಳಬೇಕಿತ್ತು. ಇಲ್ಲಿ ಅವಳೂ ಸುಮ್ಮನೆ, ನಾನೂ ಸುಮ್ಮನೆ.

ಶಿವರಾತ್ರಿ ಕಳೆದ ಮೇಲಿನ ಒಂದು ರಜೆ. ದಿಬ್ಬದ ನೆತ್ತಿಯಲ್ಲಿ ನಿಂತಿದ್ದೆವು. ದೂರದಲ್ಲಿ ಮರಳುಬಣ್ಣದ ನರಿಯೊಂದು ಸುಳಿಯಿತು. ಆಮೇಲೆ ನನಗೆ ನೆನಪಿರುವುದು ನರಿಯ ಬಾಲ ಮಾತ್ರ. "ಚಿಗರೀ! ಬ್ಯಾಡ! ಬಾ ಇಲ್ಲೆ!" ಎಂಬ ಕೂಗು ಹಿಂದೆ ಉಳಿಯಿತು. ಒಂದು ದಿಬ್ಬ ದಾಟಿದೆ, ಇನ್ನೊಂದು ದಾಟಿದೆ. ನರಿ ಯಾವುದೋ ಬಿಲದಲ್ಲಿ ಇಳಿದು ಮಾಯವಾಯಿತು. ತಿರುಗಿ ನೋಡಿದರೆ ಎಲ್ಲ ದಿಬ್ಬವೂ ಒಂದೇ ತರಹ. ಗಾಳಿ ಎದ್ದು ನನ್ನ ಹೆಜ್ಜೆಯನ್ನೂ ಅವಳ ವಾಸನೆಯನ್ನೂ ಅಳಿಸಿಬಿಟ್ಟಿತ್ತು.

ನಾಲಗೆ ಒಣಗಿ ಸೌದೆಯಾದಾಗ ಆಡಿನ ವಾಸನೆ ಮೂಗಿಗೆ ಬಡಿಯಿತು. ಅದರ ಜಾಡು ಹಿಡಿದು ಒಂದು ಒಂಟಿ ಗುಡಿಸಲು ಸೇರಿದೆ. ಅದು ಧಾಪು ಎಂಬ ಆಡು ಮೇಯಿಸುವ ಹೆಂಗಸಿನದು. ಅವಳ ಭಾಷೆ ನನಗೆ ತಿಳಿಯಲಿಲ್ಲ, ದನಿ ತಿಳಿಯಿತು. ಹಟ್ಟಿಯ ಸಾಬವ್ವನದೇ ದನಿ. ಅವಳು ಮಜ್ಜಿಗೆ ಕೊಟ್ಟಳು, ಕಾಲಿಗೆ ನೆಟ್ಟ ಮುಳ್ಳು ಕಿತ್ತಳು, ಮತ್ತೆ ಓಡಿಹೋಗದಂತೆ ಮಂಚದ ಕಾಲಿಗೆ ಕಟ್ಟಿದಳು.

ಎರಡು ದಿನ ಕಳೆಯಿತು. ಮೂರನೆಯ ದಿನ ನಡುಮಧ್ಯಾಹ್ನ ಆಕಾಶದಲ್ಲಿ ಆ ಸಿಳ್ಳೆ! ಹಗ್ಗ ಕಡಿದು ಹೊರಗೆ ಹಾರಿದೆ. ಮರಳು ಬಾಣಲೆಯ ಹಾಗೆ ಕಾದಿತ್ತು, ಕಾಲುಚೀಲ ಎಂದೋ ಕಳಚಿಹೋಗಿದ್ದವು. ನನಗೆ ಅದೊಂದೂ ಲೆಕ್ಕಕ್ಕೆ ಬರಲಿಲ್ಲ. ಹೆಲಿಕಾಪ್ಟರಿನ ನೆರಳು ಮರಳಿನ ಮೇಲೆ ಓಡುತ್ತಿತ್ತು, ನಾನು ಆ ನೆರಳಿನ ಹಿಂದೆ ಓಡಿದೆ. ಎದೆಯಲ್ಲಿ ಉಸಿರು ಸಾಲದಾಯಿತು. ಆದರೂ ನಿಲ್ಲಲಿಲ್ಲ.

ಆಗ ನೆರಳು ತಿರುಗಿತು. ನಿಧಾನವಾಯಿತು. ಬಂದ ದಾರಿಗೇ, ಧಾಪುವಿನ ಗುಡಿಸಲಿನ ಕಡೆಗೆ ಸರಿಯತೊಡಗಿತು. ನಾನೂ ಅದರ ಹಿಂದೆ ಹಿಂದೆ ಬಂದೆ. ಗುಡಿಸಲಿನ ಮೇಲೆ ಎತ್ತರದಲ್ಲಿ ಅದು ಸುತ್ತು ಹಾಕಿತು, ಮತ್ತೊಂದು ಸುತ್ತು ಹಾಕಿತು. ಧಾಪು ತಲೆಯೆತ್ತಿ ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಯಿತು. ಓಡಿಬಂದು ತನ್ನ ಓಢಣಿಯನ್ನು ನನ್ನ ಮೇಲೆ ಎಸೆದು ಅಪ್ಪಿ ಹಿಡಿದಳು. ನಾನು ಕೊಸರಾಡುತ್ತಿದ್ದಂತೆ ಹೆಲಿಕಾಪ್ಟರು ದೂರ ಹೋಯಿತು. ವಿನುತಾ ನನ್ನನ್ನು ಕಂಡೂ ಬಿಟ್ಟುಹೋದಳು ಎಂದುಕೊಂಡೆ. ನೆರಳಲ್ಲಿ ಧಾಪು ಮೈಮೇಲೆ ನೀರು ಸುರಿಯುತ್ತಿದ್ದರೂ ನಾನು ಊಳಿಡುವುದನ್ನು ಬಿಡಲಿಲ್ಲ.

ಹೊತ್ತು ಇಳಿಯುವಾಗ ಜೀಪು ಬಂತು. ನಿಲ್ಲುವ ಮೊದಲೇ ವಿನುತಾ ಜಿಗಿದಳು. ನನ್ನ ಕುತ್ತಿಗೆಗೆ ಮುಖ ಒತ್ತಿ, "ಎಲ್ಲಿ ಹೋಗಿದ್ಯವ್ವ ನನ್ನ ಬಿಟ್ಟು" ಎಂದಳು. ಆ ಪ್ರಶ್ನೆ ನಾನು ಕೇಳಬೇಕೆಂದಿದ್ದೆ!

ಹರಬನ್ಸ್ ಧಾಪುವಿಗೆ ನಡೆದದ್ದನ್ನು ಹೇಳಿದ. "ನಾನು ಪಕ್ಕದಲ್ಲೇ ಕೂತಿದ್ದೆ, ಕೆಳಗೆ ನಾಯಿ ಓಡುತ್ತಿರುವುದು ಕಂಡಿತು. ಚೌಕಟ್ಟು ತೂಗುತ್ತಿರುವಾಗ ಇಲ್ಲಿ ಇಳಿಯುವ ಹಾಗಿಲ್ಲ. ಕ್ಯಾಂಪಿನ ಕಡೆ ಹೋದರೆ ಅದು ಹಿಂದೆಯೇ ಓಡಿ ಬಿಸಿಲಲ್ಲಿ ಎದೆಯೊಡೆದು ಸಾಯುತ್ತಿತ್ತು. ಮೇಡಂ ನೆರಳನ್ನೇ ಹಗ್ಗ ಮಾಡಿಕೊಂಡು ಅದನ್ನು ನಿಮ್ಮ ಬಾಗಿಲಿಗೆ ಎಳೆದು ತಂದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕೈ ಮಾತ್ರ ಅಲ್ಲಾಡಲಿಲ್ಲ."

"ಅಕ್ಕಾ, ನೀವು ಹಿಡಿಯದೆ ಹೋಗಿದ್ದರೆ..." ಎನ್ನುತ್ತ ವಿನುತಾ ಬಗ್ಗಿ ಧಾಪುವಿನ ಕಾಲು ಮುಟ್ಟಿದಳು.

ಧಾಪು ಅವಳನ್ನು ಹಿಡಿದೆತ್ತಿ, "ಒಂದು ನಾಯಿಗಾಗಿ ಆಕಾಶವನ್ನೇ ತಿರುಗಿಸಿದೆಯಲ್ಲ ತಾಯಿ. ಇರು, ಚಹಾ ಕುಡಿದು ಹೋಗು" ಎಂದಳು. ಅವಳ ಮಾತಿನ ಅರ್ಥವನ್ನು ಹರಬನ್ಸ್ ಬಿಡಿಸಿ ಹೇಳಿದ.

ನೀರು ಹುಡುಕುತ್ತ ಅರ್ಧಕ್ಕೆ ಬಿಟ್ಟು ತಿರುಗಿದ ಆ ಸಾಲನ್ನು ಮಾರನೆಯ ದಿನ ಮತ್ತೆ ಹಾರಬೇಕಾಯಿತು. ಕ್ಯಾಂಪಿನ ದೊಡ್ಡವರು ಗದರಿದರು. ವಿನುತಾ ತಲೆ ಬಗ್ಗಿಸಿ ಕೇಳಿಸಿಕೊಂಡು ಬಂದು, ನನಗೆ ಹೊಸ ಕಾಲುಚೀಲ ಹೊಲಿಯಲು ಕೂತಳು.

ಈಗ ನನಗೆ ವಯಸ್ಸಾಗಿದೆ. ಮೂತಿ ಬೆಳ್ಳಗಾಗಿದೆ, ಹಿಂಗಾಲು ನಡುಗುತ್ತವೆ. ನೀರು ಹುಡುಕುವ ಕೆಲಸ ಮುಗಿದು ಆ ಹೆಲಿಕಾಪ್ಟರು ಹಿಮದ ಬೆಟ್ಟಗಳ ಕಡೆ ಹೋಯಿತು. ವಿನುತಾ ಜೋಧಪುರದ ಹೊರವಲಯದಲ್ಲಿ ಮನೆ ಹಿಡಿದು ಹೊಸಬರಿಗೆ ಹಾರುವುದನ್ನು ಕಲಿಸುತ್ತಾಳೆ. ಹುಟ್ಟಾ ಬೇಟೆಗಾರ್ತಿಯಾದ ನಾನು ಜೀವಮಾನದಲ್ಲಿ ಒಂದು ಇಲಿಯನ್ನೂ ಹಿಡಿಯಲಿಲ್ಲ. ಅದಕ್ಕೆ ಬೇಸರವಿಲ್ಲ. ಓಡಲು ಬಿಟ್ಟವರು, ಓಡಿ ದಾರಿ ತಪ್ಪಿದಾಗ ಹಿಡಿದವರು, ಹುಡುಕಿಕೊಂಡು ಬಂದವರು, ಎಲ್ಲರೂ ಒಂದೇ ಜನ್ಮದಲ್ಲಿ ಸಿಕ್ಕರು.

ಮೊನ್ನೆ ಸಂಜೆ ಮನೆಯ ಹಿಂದಿನ ಸಣ್ಣ ದಿಬ್ಬಕ್ಕೆ ಹೊರಟೆವು. ಕೊನೆಯ ಏರು ನನ್ನಿಂದ ಆಗಲಿಲ್ಲ. ಅವಳು ಮರಿಯಂತೆ ಎತ್ತಿಕೊಂಡು ಹತ್ತಿ ಮೇಲೆ ಕೂತಳು. ಆಗ ಊರಿನಿಂದ ಅವಳ ಅವ್ವನ ಫೋನು.

"ಬೆಟ್ಟದ ಕಡೆ ಅಷ್ಟ ಚೊಲೊ ಕೆಲಸ ಬಂದಿತ್ತಂತ, ಯಾಕ ಬ್ಯಾಡಂದಿ?"

"ಅಲ್ಲಿ ಥಂಡಿ ಭಾಳ ಅವ್ವ. ಚಿಗರಿ ಮೈಮ್ಯಾಲ ಕೂದಲಿಲ್ಲ."

"ನಾಯಿ ಸಲುವಾಗಿ ಯಾರರ ಕೆಲಸ ಬಿಡ್ತಾರೇನ?"

ವಿನುತಾ ನನ್ನ ಕಿವಿಯ ಹಿಂದೆ ಕೆರೆಯುತ್ತ, "ಮುಂದ ನೋಡೋಣವ್ವ. ಈಗ ಅದು ಸಾವಕಾಶ ನಡೀತೈತಿ, ನಾನೂ ಸಾವಕಾಶ ನಡಿಯೂದು ಕಲಿಯಾಕತ್ತೀನಿ" ಎಂದಳು.

ಫೋನು ಕಿಸೆ ಸೇರಿತು. ಮರಳು ತಣ್ಣಗಾಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ಎದ್ದು ಪ್ಯಾಂಟು ಕೊಡವಿಕೊಂಡು, "ಹೋಗೋಣೇನ?" ಎಂದಳು. ನನಗೆ ಏಳುವ ಮನಸ್ಸಿರಲಿಲ್ಲ. ಬಾಲ ಮಾತ್ರ ಅಲ್ಲಾಡಿಸಿದೆ. ಅವಳು ನಕ್ಕು ಮತ್ತೆ ನನ್ನ ಪಕ್ಕ ಕೂತಳು.