ಹಾಸಿಗೆ ಗಂಜಿ

ಹತ್ತನೇ ತರಗತಿಯ ನಲವತ್ತೊಂದು ಪೇಪರುಗಳ ಪೈಕಿ ನಲವತ್ತರಲ್ಲಿ ಒಂದೇ ವಾಕ್ಯವಿತ್ತು. 'ಹಾಸುಹೊಕ್ಕು: ಈ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ' ಎಂಬ ಪ್ರಶ್ನೆಗೆ ಎಲ್ಲರೂ ಗೈಡಿನಲ್ಲಿದ್ದಂತೆಯೇ 'ಸಂಗೀತವು ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿದೆ' ಎಂದು ಬರೆದಿದ್ದರು. ಹೇಮಶ್ರೀ ಎಲ್ಲರಿಗೂ ಎರಡಕ್ಕೆ ಎರಡು ಅಂಕ ಕೊಟ್ಟಳು. ನಲವತ್ತೊಂದನೆಯದು ಸುಶ್ಮಿತಾ ಎಂಬ ಹುಡುಗಿಯದು. ಅದರಲ್ಲಿ ಹೀಗಿತ್ತು: 'ಹಾಸಿಗೆ ಗಂಜಿ ಹಚ್ಚಬೇಕು, ಹೊಕ್ಕಿಗೆ ಹಚ್ಚಬಾರದು.'

ಹೇಮಶ್ರೀ ಓದಿದ್ದು ಪ್ರಾಣಿಶಾಸ್ತ್ರ. ಕನ್ನಡದ ಮೇಷ್ಟ್ರು ವರ್ಗವಾಗಿ ಹೋದಮೇಲೆ ಅವರ ಜಾಗಕ್ಕೆ ಯಾರೂ ಬಾರದೆ, ರಾಯದುರ್ಗದ ಪಕ್ಕದ ಆ ಊರಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಜೊತೆಗೆ ಕನ್ನಡವೂ ಅವಳ ಪಾಲಿಗೆ ಬಂದಿತ್ತು. ಮಡಕಶಿರದ ಕಡೆ ಅವಳ ತವರಿನಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ. ಗೂಡು ಮಾರ್ಕೆಟ್ಟಿಗೆ ಹೋದಮೇಲೆ ಅದು ಏನಾಗುತ್ತದೆಂದು ಆ ಮನೆಯಲ್ಲಿ ಯಾರೂ ಕೇಳಿದವರಲ್ಲ.

ಕೇಳಿದ ಪದವೇ ಸುಶ್ಮಿತಾಳ ವಾಕ್ಯದಲ್ಲಿ ಇರಲಿಲ್ಲ. ಇದ್ದುದಕ್ಕೆ ಅರ್ಥವಿರಲಿಲ್ಲ. ಅವಳು ಕೆಂಪು ಪೆನ್ನಿನಿಂದ 'ಹೊಕ್ಕಿಗೆ'ಯನ್ನು ಹೊಡೆದು 'ಹೊಕ್ಕುಳಿಗೆ' ಎಂದು ತಿದ್ದಿದಳು, ಪಕ್ಕದಲ್ಲಿ ಸೊನ್ನೆ ಹಾಕಿದಳು. ಅಷ್ಟಕ್ಕೇ ಬಿಡಬಹುದಿತ್ತು. ಪೇಪರು ಹಂಚುವ ದಿನ ತಿದ್ದಿದ ವಾಕ್ಯವನ್ನು ಗಟ್ಟಿಯಾಗಿ ಓದಿದಳು.

"ಹಾಸಿಗೆ ಗಂಜಿ ಹಚ್ಚಬೇಕು, ಹೊಕ್ಕುಳಿಗೆ ಹಚ್ಚಬಾರದು. ಏನಮ್ಮ ಇದು, ನಿಮ್ಮನೇಲಿ ಗಂಜಿ ಕುಡಿಯೋರು ಯಾರೂ ಇಲ್ವಾ?"

ತರಗತಿ ಬಿದ್ದು ಬಿದ್ದು ನಕ್ಕಿತು. ಹಿಂದಿನ ಬೆಂಚಿನ ರಾಮಾಂಜಿ ಡೆಸ್ಕು ಬಡಿದ. ಎದ್ದು ನಿಂತ ಸುಶ್ಮಿತಾ "ಮೇಡಂ, ಅದು..." ಎಂದಳು. ಮುಂದಿನ ಮಾತು ನಗುವಿನಲ್ಲಿ ಕೇಳಲಿಲ್ಲ. ಅವಳು ಕೂತಳು.

ಮರುದಿನದಿಂದ ಅವಳು ಬರಲಿಲ್ಲ. ನಾಲ್ಕನೆಯ ದಿನ ಹಾಜರಿ ಕರೆಯುವಾಗ ರಾಮಾಂಜಿಯೇ ಸುದ್ದಿ ಹೇಳಿದ.

"ಗಂಜಿ ಬರಲ್ರಿ ಮೇಡಂ. ಸೋಮವಾರದಿಂದ ಅವರತ್ತಿ ಜೋಡಿ ರಾಯದುರ್ಗದ ಜೀನ್ಸ್ ಯೂನಿಟ್ಟಿಗೆ ಹೋಗ್ತಾಳಂತ. ದಾರ ಕತ್ತರ್ಸಾಕ."

"ಗಂಜಿ ಯಾರೋ?"

"ಸುಶ್ಮಿತಾ ರೀ. ಎಲ್ಲರೂ ಹಂಗ ಕರೀತಾರ."

ಪಬ್ಲಿಕ್ ಪರೀಕ್ಷೆಗೆ ಎಂಟು ವಾರವಿತ್ತು. ಶನಿವಾರ ಮಧ್ಯಾಹ್ನ ಹೇಮಶ್ರೀ ಹುಡುಗಿಯ ಮನೆ ಕೇಳಿಕೊಂಡು ಹೊರಟಳು. ಬುದ್ಧಿ ಹೇಳಲು ಹೊರಟಿದ್ದಳೇ ಹೊರತು ಕ್ಷಮೆ ಕೇಳಲು ಅಲ್ಲ.

ಮನೆಯ ಮುಂದಿನ ಬಯಲಿನಲ್ಲಿ ಎರಡು ಗೂಟಗಳ ನಡುವೆ ಉಣ್ಣೆಯ ಕರಿ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿದ್ದರು. ಸುಶ್ಮಿತಾಳ ತಾತ ಯರ್ರಪ್ಪ ಮಡಕೆಯಲ್ಲಿ ಬೇರಿನ ಕುಂಚ ಅದ್ದಿ, ಕಂದುಬಣ್ಣದ ಅಂಟನ್ನು ನೂಲಿನ ಮೇಲೆ ಎಳೆಯುತ್ತಿದ್ದ. ಹುಡುಗಿಯ ಅಪ್ಪ ಅಮ್ಮ ಕುರಿ ಹೊಡೆದುಕೊಂಡು ಬೊಮ್ಮನಹಾಳ್ ಕಡೆ ಗದ್ದೆ ಬಯಲಿಗೆ ಹೋಗಿದ್ದರು. ಮನೆಯಲ್ಲಿ ಇದ್ದವರು ತಾತ, ಅತ್ತೆ ಮಂಜುಳ, ಸುಶ್ಮಿತಾ.

"ಬರ್ರಿ ಮೇಡಂ, ಕುಂದರ್ರಿ. ಕೈ ಬಿಡಂಗಿಲ್ಲ, ಒಣಗಿಬಿಡ್ತೈತಿ."

"ಏನು ಮಾಡ್ತಿದೀರಾ ತಾತ?" ಎಂದು ಮಾತಿಗೆಳೆಯಲು ಕೇಳಿದಳು ಹೇಮಶ್ರೀ.

"ಹಾಸಿಗೆ ಗಂಜಿ ಹಚ್ಚಾಕತ್ತೀನ್ರಿ."

ಹೇಮಶ್ರೀ ನೂಲನ್ನು ನೋಡಿದಳು, ಮಡಕೆಯನ್ನು ನೋಡಿದಳು. ಅಲ್ಲೆಲ್ಲೂ ಮಲಗುವ ಹಾಸಿಗೆ ಇರಲಿಲ್ಲ.

"ಹಾಸು ಅಂದ್ರೆ ಇದಾ?"

"ಮತ್ತ? ಮಗ್ಗದಾಗ ಉದ್ದಕ ಹೋಗೋದು ಹಾಸು, ಅಡ್ಡಕ ಬರೋದು ಹೊಕ್ಕು. ಹಾಸು ದಿನಾ ಪೂರ್ತಿ ಮಗ್ಗದ ಹಣಿಗೆ ಹಲ್ಲಿಗೆ ತಿಕ್ಕಿಸ್ಕೋತೈತ್ರಿ. ಹುಣಸಿ ಗಂಜಿ ಕುಡಸಲಿಲ್ಲಂದ್ರ ಜೂಲು ಎದ್ದು ಹರೀತೈತಿ."

"ಹೊಕ್ಕಿಗೆ?"

"ಅದಕ್ಕ್ಯಾಕ್ರಿ? ಅದು ಅತ್ತಿತ್ತ ಓಡೋ ಲಾಳ್ಯಾಗ ಕುಂತು ಬರೋ ಮದುಮಗ. ಮೆತ್ತಗಿರಬೇಕು. ಅದು ಮೆತ್ತಗಿದ್ರ ಕಂಬಳಿ ಬೆಚ್ಚಗ." ಅವನು ಕುಂಚ ಎತ್ತಿ ನಕ್ಕ. "ನಮ್ಮ ಹುಡುಗಿ ಪೇಪರ್ನಾಗ ಹೊಕ್ಕಳ ಅಂತ ತಿದ್ದಿದ್ದು ನೀವೇನ್ರಿ?"

ಹೇಮಶ್ರೀ ಬಗ್ಗಿ ನೂಲು ಮುಟ್ಟಿ ನೋಡಿದಳು. ಹುಡುಗಿಯ ವಾಕ್ಯ ನಿಜವಾಗಿತ್ತು. ಪರೀಕ್ಷಿಸಿ ನೋಡಬಹುದಾದಂಥ ನಿಜ; ನಲವತ್ತು ಮಂದಿಯ ಸಂಗೀತದ ವಾಕ್ಯವನ್ನು ಹಾಗೆ ಪರೀಕ್ಷಿಸುವ ದಾರಿ ಅವಳಿಗೆ ತಿಳಿದಿರಲಿಲ್ಲ.

ಸುಶ್ಮಿತಾ ಬಾಗಿಲಲ್ಲಿ ನಿಂತಿದ್ದಳು. ಹೇಮಶ್ರೀ ಅವಳ ಹತ್ತಿರ ಹೋಗಿ ಹೇಳಿದಳು: "ತಪ್ಪು ನಂದು ಕಣಮ್ಮ. ನನಗೆ ಗೊತ್ತಿರಲಿಲ್ಲ. ಸೋಮವಾರ ಬಾ."

"ಇಲ್ಲಿ ಹೇಳಿದ್ರಲ್ರಿ. ನಕ್ಕಿದ್ದು ಅಲ್ಲಿ."

ಒಳಗಿನಿಂದ ಮಂಜುಳ ಬಂದಳು. "ಬಿಡ್ರಿ ಮೇಡಂ. ಅಲ್ಲಿ ಗಂಜಿ ಅಂತಾರ, ಬೈಲಾಗ ನಿಂತ್ರೂ ಗಂಜಿ ಅಂತಾರ. ನಮ್ಮ ಯೂನಿಟ್ನಾಗ ಇಪ್ಪತ್ತು ಜನ ಹೆಣ್ಮಕ್ಳದೀವಿ, ಒಬ್ಬರೂ ನಗಲ್ಲ. ಮಿಷಿನ್ ಸದ್ದಿನಾಗ ನಕ್ಕರೂ ಕೇಳಲ್ಲ."

ಹೇಮಶ್ರೀ ಯರ್ರಪ್ಪನಿಂದ ಗಂಜಿ ಹಚ್ಚಿದ ನೂಲು ಮೊಳದಷ್ಟು, ಹಚ್ಚದ ನೂಲು ಮೊಳದಷ್ಟು ಕೇಳಿ ಪಡೆದಳು. ಬೇರೆ ಬೇರೆ ಕಾಗದದಲ್ಲಿ ಮಡಿಸಿ, ಮೇಲೆ ಯಾವುದು ಯಾವುದೆಂದು ಬರೆದುಕೊಂಡಳು.

ಸೋಮವಾರ ಮೊದಲನೆಯ ಪೀರಿಯಡ್ಡು. ಬೋರ್ಡಿನ ಮೇಲೆ ಅವಳು ಸುಶ್ಮಿತಾಳ ವಾಕ್ಯವನ್ನು ಇದ್ದದ್ದು ಇದ್ದಂತೆ ಬರೆದಳು. ಕೆಲವರು ಕಿಸಕ್ಕೆಂದರು. ಅದೇ ಹೊತ್ತಿಗೆ ರಾಯದುರ್ಗದ ಕಡೆ ಹೋಗುವ ಆಟೋ ಜನ ತುಂಬಿಸಿಕೊಳ್ಳಲು ಸ್ಕೂಲಿನ ಮುಂದೆ ನಿಂತಿತು. ಅತ್ತೆಯ ಚೂಡಿದಾರ ತೊಟ್ಟು, ಕೈಯಲ್ಲಿ ಬುತ್ತಿ ಹಿಡಿದ ಸುಶ್ಮಿತಾ ಇಳಿದು ಬಂದು ಕಿಟಕಿಯ ಹೊರಗೆ ನಿಂತಳು. ಒಳಗೆ ಬರಲಿಲ್ಲ.

"ಈ ವಾಕ್ಯ ಸರಿ ಇದೆ," ಎಂದಳು ಹೇಮಶ್ರೀ. "ತಿದ್ದಿದ್ದು ನನ್ನ ತಪ್ಪು. ಹಾಸು ಅಂದ್ರೆ ಮಗ್ಗದ ಉದ್ದ ನೂಲು, ಹೊಕ್ಕು ಅಂದ್ರೆ ಅಡ್ಡ ನೂಲು. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?"

ಮೂರು ಕೈ ಎದ್ದವು. ಮೂವರೂ ಆ ದಿನ ನಕ್ಕಿದ್ದವರೇ.

ಅವಳು ತನ್ನ ಬ್ಯಾಗಿನಿಂದ ಬಾಚಣಿಗೆ ತೆಗೆದು, ಗಂಜಿ ಹಚ್ಚದ ನೂಲನ್ನು ಅದರ ಹಲ್ಲುಗಳ ನಡುವೆ ಹಿಂದಕ್ಕೂ ಮುಂದಕ್ಕೂ ಎಳೆದಳು. ತರಗತಿ ಎಣಿಸಿತು. ಹದಿನಾಲ್ಕಕ್ಕೆ ನೂಲು ಹರಿಯಿತು. ಗಂಜಿ ಹಚ್ಚಿದ್ದು ಅರವತ್ತು ದಾಟಿದರೂ ಹರಿಯಲಿಲ್ಲ. ಎಣಿಸುವವರಿಗೇ ಬೇಸರ ಬಂತು. ಅವಳು ಎರಡೂ ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಕಾರಣವನ್ನೂ ಬರೆದಳು: 'ಹುಣಸೆ ಹಣ್ಣಿನ ಗಂಜಿ.'

"ಹಣ್ಣಲ್ರೀ ಮೇಡಂ," ಎಂದಿತು ಕಿಟಕಿಯ ಹೊರಗಿನ ದನಿ. "ಬೀಜ. ಹಣ್ಣು ಹಚ್ಚಿದ್ರ ಇರುವಿ ಮುತ್ತತಾವ."

ಎಲ್ಲರೂ ತಿರುಗಿದರು. ಹೇಮಶ್ರೀ ಆ ತಪ್ಪನ್ನು ಬೇಕೆಂದೇ ಮಾಡಿರಲಿಲ್ಲ, ಸ್ಟಾಫ್ ರೂಮಿನಲ್ಲಿ ಆಮೇಲೆ ಯಾರೂ ಇದನ್ನು ನಂಬಲಿಲ್ಲ. ಅವಳು ಚಾಕ್‌ಪೀಸನ್ನು ಕಿಟಕಿಯ ಸರಳುಗಳ ನಡುವೆ ಚಾಚಿದಳು.

"ಅಲ್ಲಿಂದ ನಿನ್ನ ಕೈ ಬೋರ್ಡಿಗೆ ಎಟಕಲ್ಲ. ಒಳಗೆ ಬಂದು ತಿದ್ದು."

ಆಟೋ ಹಾರನ್ ಹೊಡೆಯಿತು. "ಏ ಸುಶ್ಮಿ, ಬರ್ತೀಯೋ ಇಲ್ಲೋ? ಯೂನಿಟ್ ಗೇಟ್ ಹಾಕ್ತಾರ!" ಎಂದು ಮಂಜುಳ ಕೂಗಿದಳು.

ಸುಶ್ಮಿತಾ ಚಾಕ್‌ಪೀಸು ತೆಗೆದುಕೊಂಡಳು. ಆಮೇಲೆ ಬುತ್ತಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಅತ್ತಿ, ನೀ ಹೋಗು."

ಒಳಗೆ ಬಂದು 'ಹಣ್ಣಿನ' ಎಂಬುದನ್ನು ಒರೆಸಿ 'ಬೀಜದ' ಎಂದು ಬರೆದಳು. ರಾಮಾಂಜಿಗೆ ತಡೆಯಲಾಗಲಿಲ್ಲ.

"ದಿಂಬಿಗೆ ಏನ್ ಹಚ್ಬೇಕು?"

"ದಿಂಬಿಗೆ ಏನಿಲ್ಲ," ಎಂದಳು ಸುಶ್ಮಿತಾ, ತಿರುಗದೆ. "ಉಳಿದಿದ್ದು ನಿನ್ನ ಬಾಯಿಗೆ ಹಚ್ತೀನಿ ಬಾ. ಅಂಟ್ಕೊಂಡ್ರ ಸಾಯಂಕಾಲದ ತನಕ ಬಿಡಲ್ಲ."

ತರಗತಿ ಮತ್ತೆ ನಕ್ಕಿತು. ಈ ಸಲ ರಾಮಾಂಜಿ ಡೆಸ್ಕು ಬಡಿಯಲಿಲ್ಲ.

ನಗು ಇಳಿದಮೇಲೆ ಅವಳು ಮೇಡಂ ಕಡೆ ತಿರುಗಿದಳು. "ಹಂಗಾರ ಎರಡು ಮಾರ್ಕ್ ಕೊಡ್ತೀರೇನ್ರಿ?"

ಹೇಮಶ್ರೀ ಬೋರ್ಡು ನೋಡಿ ಯೋಚಿಸಿದಳು. "ಪ್ರಶ್ನೆ ಕೇಳಿದ್ದು ಹಾಸುಹೊಕ್ಕು ಅಂತ, ಒಂದೇ ಪದ. ನೀನು ಬಿಡಿಸಿ ಬರೆದಿದೀಯ. ಒಂದು ಕೊಡ್ತೀನಿ."

"ಮಗ್ಗದಾಗ ಬ್ಯಾರೆ ಬ್ಯಾರೇನೇ ಇರ್ತಾವಲ್ರೀ."

"ಮಗ್ಗದಲ್ಲಿ ಸರಿ. ಪೇಪರಲ್ಲಿ ಒಂದು."

ಸುಶ್ಮಿತಾ ಹೆಚ್ಚು ವಾದಿಸಲಿಲ್ಲ. ಕೈಗಂಟಿದ ಸೀಮೆಸುಣ್ಣದ ಪುಡಿಯನ್ನು ಅತ್ತೆಯ ಚೂಡಿದಾರಕ್ಕೆ ಒರೆಸಿಕೊಂಡು, ಕಿಟಕಿಯಿಂದ ಬುತ್ತಿ ತರಲು ಹೊರಗೆ ಹೋದಳು. ರಸ್ತೆಯಲ್ಲಿ ಆಟೋ ಇರಲಿಲ್ಲ.