ಮಾವಿನ ಗಿಡಕ್ಕೆ ಗಜಕರ್ಣ ಹತ್ತಿತ್ತೇ?

ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದು ನಾಲ್ಕೈದು ವರ್ಷವಾಗಿತ್ತು. ಸುಲೇಪೇಟದ ಸುಂದರಬಾಯಿಯ ಹಿತ್ತಲಿನ ಮಾವಿನ ಗಿಡ ಒಂದು ಕಡೆಯಿಂದ ಒಣಗತೊಡಗಿತು. ಮದುವೆಯಾಗಿ ಬಂದ ವರ್ಷ ಅವಳು ತವರಿನಿಂದ ತಂದು ನೆಟ್ಟ ಗಿಡವದು. ಗಂಡ ಅಂಬಾರಾಯನೋ, ಗಿಡವಿರುವುದೇ ಎಮ್ಮೆ ಕಟ್ಟಲಿಕ್ಕೆ ಎಂದು ನಂಬಿದ ಮನುಷ್ಯ.

ಕಾಂಡದ ತುಂಬ ಎಲೆಯಂಥ ಬೂದಿಬಣ್ಣದ ಚಕ್ಕೆಗಳು ಹಬ್ಬಿದ್ದವು.

"ಗಿಡಕ್ಕ ಗಜಕರ್ಣ ಹತ್ಯಾದ," ಎಂದ ಅಂಬಾರಾಯ. ಮನುಷ್ಯರಿಗೆ ಮಾಡುವ ಮದ್ದನ್ನೇ ಗಿಡಕ್ಕೂ ಮಾಡಿದ. ಕುಡುಗೋಲಿನಿಂದ ಕೆರೆದು, ಗಂಧಕ ಕಲಸಿದ ಎಣ್ಣೆ ಹಚ್ಚಿದ. ತೊಗಟೆ ಕಿತ್ತು ಅಂಟು ಸೋರಿತೇ ಹೊರತು ಒಣಗುವುದು ನಿಲ್ಲಲಿಲ್ಲ.

"ಇನ್ನ ಇಟ್ರ ಲಿಂಬಿ ಗಿಡಕ್ಕೂ ಹತ್ತತದ. ಕಡಿಯೋದೇ," ಎಂದು ಕಟ್ಟಿಗೆ ಕಡಿಯುವ ಪೀರಪ್ಪನಿಗೆ ಹೇಳಿಯೂ ಬಿಟ್ಟ. ಸುಂದರಬಾಯಿಗೆ ಅಂದು ಊಟ ಸೇರಲಿಲ್ಲ.

ಬೆಳಿಗ್ಗೆ ಪೀರಪ್ಪ ಕೊಡಲಿ ಮಸೆಯುತ್ತ ಕುಳಿತಾಗ ಅವಳು ಪಕ್ಕದ ಮನೆಗೆ ಓಡಿದಳು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ನಜಮುನ್ನೀಸಾಳನ್ನು ಕೈಹಿಡಿದು ಕರೆತಂದಳು.

"ಕಾಕಾ, ಇದು ರೋಗ ಅಲ್ರಿ. ಮಸಾಲಿಗಿ ಹಾಕ್ತೀವಲ್ಲ ಕಲ್ಲುಹೂವು, ಅದರ ಬಳಗ."

"ಹಂಗಾದ್ರ ಮಸಾಲಿ ಡಬ್ಬಿದಾಗ ಇರ್ಲಿ. ನನ್ನ ಗಿಡದ ರಸ ಯಾಕ ಕುಡಿಬೇಕು?"

"ಕುಡಿಯಾಕ ಬೇರು ಬೇಕಲ್ರಿ?" ನಜಮುನ್ನೀಸಾ ಕೂದಲ ಪಿನ್ನಿನಿಂದ ಒಂದು ಚಕ್ಕೆಯ ಅಂಚು ಎತ್ತಿದಳು. ಅಡಿಯಲ್ಲಿ ಸಣ್ಣ ಕರಿ ಎಳೆಗಳು, ಅದರ ಕೆಳಗೆ ತೊಗಟೆ ಇದ್ದ ಹಾಗೇ ಇತ್ತು. "ಈ ಎಳಿ ಹಿಡ್ಕೊಂಡು ಕುಂದ್ರಾಕ ಅಷ್ಟೇ. ಇದರೊಳಗ ಇಬ್ಬರು ಕೂಡಿ ಸಂಸಾರ ಮಾಡ್ತಾರ. ಅಣಬಿ ಜಾತಿದು ಮನಿ ಕಟ್ಟತದ, ಪಾಚಿ ಜಾತಿದು ಬಿಸಿಲಾಗ ಅಡಿಗಿ ಮಾಡ್ತದ. ನೀರು ಮಳಿದು, ಮಂಜಿಂದು."

ಚೊಂಬಿನಿಂದ ನೀರು ಚಿಮುಕಿಸಿದಳು. ನೋಡನೋಡುತ್ತ ಬೂದಿಬಣ್ಣ ಹಸಿರಾಯಿತು. ಪೀರಪ್ಪ ಕೊಡಲಿ ಕೆಳಗಿಟ್ಟ.

"ಕಾಕಾ, ನನ್ನ ತವರು ವಾಡಿ. ಅಲ್ಲಿ ಸಿಮೆಂಟ್ ಫ್ಯಾಕ್ಟರಿ ಧೂಳಿನಾಗ ಇವು ಹುಡುಕಿದ್ರೂ ಸಿಗಂಗಿಲ್ಲ. ಇಲ್ಲಿ ಬೆಳದಾವಂದ್ರ ಗಾಳಿ ಛಲೋ ಅದ. ಅಂಗೈಯಷ್ಟು ಆಗಾಕ ಭಾಳ ವರ್ಷ ಬೇಕ್ರಿ."

"ಮತ್ತ ಗಿಡ ಯಾಕ ಒಣಗಲಿಕತ್ತದ?" ಅಂಬಾರಾಯ ಪಟ್ಟು ಬಿಡಲಿಲ್ಲ.

ನಜಮುನ್ನೀಸಾ ಗಿಡವನ್ನು ಸುತ್ತಿ ನೋಡಿ, ಎಮ್ಮೆಯನ್ನು ಆಚೆ ಸರಿಸಿದಳು. ಎಮ್ಮೆ ಜಗ್ಗುವ ಕಡೆ ಕಬ್ಬಿಣದ ಸರಪಳಿ ತೊಗಟೆಯೊಳಗೆ ಹೂತುಹೋಗಿತ್ತು. ಒಣಗಿದ ಕೊಂಬೆಗಳು ಸರಿಯಾಗಿ ಅದರ ಮೇಲೇ ಇದ್ದವು.

"ಎಲಿ ಉದುರಿ ಬಿಸಿಲು ಬಿದ್ದು, ಇವು ಹೆಚ್ಚು ಕಾಣಾಕತ್ತಾವ. ನೀವು ಕುತ್ತಿಗಿಗಿ ಫಾಸಿ ಹಾಕಿ, ಮೈಮ್ಯಾಲಿನ ಮಚ್ಚಿಗಿ ಬೈಯಾಕತ್ತೀರಲ್ರಿ ಕಾಕಾ!"

ಸುಂದರಬಾಯಿ ಸಿಟ್ಟು, ಅಳು ಎರಡನ್ನೂ ತಡೆಯಲಾರದೆ ತಾನೇ ಸರಪಳಿ ಬಿಚ್ಚಿದಳು. ಅಂಬಾರಾಯ ಪೀರಪ್ಪನ ಅದೇ ಕೊಡಲಿಯಿಂದ ಎಮ್ಮೆಗೊಂದು ಗೂಟ ಕೆತ್ತಿಸಿ ದೂರದಲ್ಲಿ ನೆಡಿಸಿದ.

ಮಳೆಗಾಲಕ್ಕೆ ಆ ಕಡೆ ಚಿಗುರು ಒಡೆಯಿತು. ಕುಡುಗೋಲು ಕೆರೆದ ಜಾಗ ಮಾತ್ರ ಬಹಳ ಕಾಲ ಬೋಳಾಗಿಯೇ ಉಳಿಯಿತು.

ಅಕ್ಕಂದಿರೇ, ಅಣ್ಣಂದಿರೇ, ಗಿಡದ ಮೇಲಿನ ಈ ಬೂದಿ ಚಕ್ಕೆಗಳನ್ನು ಕೆರೆಯಬೇಡಿ, ಸುಡಬೇಡಿ. ಅವು ಗಿಡದ ಕೂಳು ಕಸಿಯುವುದಿಲ್ಲ. ಗಿಡ ಸೊರಗಿದರೆ ಬುಡ ನೋಡಿ, ಬೇರು ನೋಡಿ. ಎಲ್ಲಕ್ಕೂ ಮೊದಲು, ನೀವೇ ಕಟ್ಟಿದ ಹಗ್ಗ, ಸರಪಳಿ ನೋಡಿ. ಇವತ್ತೇ ಹಿತ್ತಲಿಗೆ ಹೋಗಿ ಅದನ್ನು ಬಿಚ್ಚಿ.