ವ್ಯಾನಿನೊಳಗಿನ ದೀಪ

ಅಂಗಡಿಗಳಿಗೆ ಬ್ರೆಡ್ಡು ಹಾಕುವ ಆ ಹಳೇ ವ್ಯಾನಿನ ಒಳದೀಪ ಕೆಟ್ಟು ವಾರವಾಗಿತ್ತು. ಅದರ ಜೊತೆಗೇ ಡ್ಯಾಶ್‌ಬೋರ್ಡಿನ ದೀಪಗಳೂ ಕಣ್ಣು ಮುಚ್ಚಿದ್ದವು. ಬೇರೆಯವರಾಗಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಾಗುತ್ತಿದ್ದರು. ರೇಡಿಯೋಗೆ ಮಾತ್ರ ಜೀವ ಹಿಂಡಿದಂತಾಗಿತ್ತು.

ರೇಡಿಯೋ ಎಂದರೆ ವ್ಯಾನಿನ ಮಾಲೀಕ. ಬಾಯಿ ತೆರೆದರೆ ಮುಚ್ಚುವವನಲ್ಲ, ಅದಕ್ಕೇ ಆ ಹೆಸರು. ಅವನ ಹೆಂಡತಿಗೆ ಚಿಕ್ಕಂದಿನ ಜ್ವರದಲ್ಲಿ ಕಿವಿ ಹೋಗಿತ್ತು. ತಾನು ಮಾತಾಡಬಲ್ಲಳು, ಎದುರಿನವರ ತುಟಿ ನೋಡಿ ಅವರ ಮಾತು ತಿಳಿಯಬಲ್ಲಳು. ಸಂಜೆ ಬ್ರೆಡ್ಡು ಹಾಕಿ ಮುಗಿಸಿ ಇಬ್ಬರೂ ಮನೆಗೆ ಮರಳುವಾಗ ರೈಲ್ವೆ ಗೇಟು ಬಿದ್ದಿರುತ್ತಿತ್ತು. ಒಳದೀಪ ಹಾಕಿಕೊಂಡು ಗಂಡ ಹೆಂಡತಿ ಹರಟುತ್ತಿದ್ದದ್ದು ಅಲ್ಲೇ. ಈಗ ಕತ್ತಲಲ್ಲಿ ಅವಳು ಹೇಳುತ್ತಾಳೆ, ಇವನು ಕೇಳುತ್ತಾನೆ. ಇವನು ಹೇಳಿದ್ದು ಅವಳಿಗೆ ತಲುಪುವುದೇ ಇಲ್ಲ. ಅಯ್ಯೋ, ಮಾತಿನಮಲ್ಲನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೆ!

ಅದರ ಮೇಲೆ ಹೇಳಲೇಬೇಕಾದ ಮಾತೊಂದು ಗಂಟಲಲ್ಲಿ ಕೂತಿತ್ತು. ವ್ಯಾನು ಮಾರಿ ಅಣ್ಣನ ಅಂಗಡಿಯಲ್ಲಿ ಕೂರುವುದೆಂದು ನಿಶ್ಚಯಿಸಿದ್ದ. ಅದನ್ನು ಕೊಳ್ಳಲಿದ್ದ ದಪ್ಪ ಮೀಸೆಯವನೊಬ್ಬ ನಾಳೆ ಬರುವವನಿದ್ದ. "ನಿನಗೊಂದು ವಿಷಯ ಹೇಳ್ಬೇಕು" ಎಂದು ವಾರದ ಹಿಂದೆ ಗೇಟಿನ ಬಳಿ ಬಾಯಿ ತೆರೆಯುವಷ್ಟರಲ್ಲಿ ಗೇಟು ಎದ್ದಿತ್ತು. ಮರುಸಂಜೆ ನೋಡಿದರೆ ದೀಪವೇ ಇಲ್ಲ. ಹಗಲು ಹೇಳೋಣವೆಂದರೆ ಅಂಗಡಿಯಿಂದ ಅಂಗಡಿಗೆ ಓಟ, ಕಣ್ಣು ರಸ್ತೆಯ ಮೇಲೆ. ಮನೆಯಲ್ಲಿ ಹೇಳೋಣವೆಂದರೆ ಅಣ್ಣ, ಅತ್ತಿಗೆ, ಮಕ್ಕಳು. ಅದು ಮನೆಯಲ್ಲ, ಸಂತೆ.

ರೇಡಿಯೋ ಬಲ್ಬು ಬದಲಿಸಿದ. ಫ್ಯೂಸು ಕಿತ್ತು ಬಿಸಿಲಿಗೆ ಹಿಡಿದ, ತಂತಿ ಗಟ್ಟಿಯಾಗಿತ್ತು. ಬಾಗಿಲ ಸಂದಿಯ ಸ್ವಿಚ್ಚನ್ನು ಉಪ್ಪುಕಾಗದದಲ್ಲಿ ತಿಕ್ಕಿದ. ಜಪ್ಪಯ್ಯ ಅಂದರೂ ದೀಪ ಹತ್ತಲಿಲ್ಲ.

"ಎರಡಕ್ಕೂ ಫ್ಯೂಸು ಬೇರೆ ಬೇರೆ. ಒಟ್ಟಿಗೇ ಸಾಯೋಕೆ ಇವೇನು ಮಾತಾಡ್ಕೊಂಡಿದ್ವಾ?" ಎಂದು ಹೆಂಡತಿಯ ಕಡೆ ತಿರುಗಿ ಗೊಣಗಿದ.

"ಹೋಗ್ಲಿ ಬಿಡು, ಕತ್ತಲು ತಂಪಾಗಿದೆ" ಎಂದಳು ಅವಳು. ಕತ್ತಲು ತಂಪಂತೆ! ಇದ್ಯಾವ ಮಾತು ಎಂದು ಅವನ ತಲೆಯಲ್ಲಿ ಹುಳ ಕೊರೆಯತೊಡಗಿತು.

ಕೊನೆಗೆ ಅವಳನ್ನು ಬ್ರೆಡ್ಡಿನ ಲೆಕ್ಕಕ್ಕೆ ಬಿಟ್ಟು, ವ್ಯಾನನ್ನು ಎಲೆಕ್ಟ್ರಿಷಿಯನ್ ಬಳಿಗೆ ಒಯ್ದ. ಆತ ಸ್ಟೇರಿಂಗಿನ ಪಕ್ಕದ ಪುಟ್ಟ ಚಕ್ರದ ಮೇಲೆ ಬೆರಳಿಟ್ಟ.

"ಇದನ್ನ ಪೂರ್ತಿ ಕೆಳಗೆ ತಿರುಗಿಸಿದ್ದು ಯಾರು?"

"ಅದಾ? ಚಂದಕ್ಕೆ ಇಟ್ಟಿದ್ದಾರೆ ಅಂದ್ಕೊಂಡಿದ್ದೆ."

"ಒಳ್ಳೆ ಚಂದ! ಬೆಳಕು ಜಾಸ್ತಿ ಕಮ್ಮಿ ಮಾಡೋದೇ ಇದು. ತಳ ಮುಟ್ಟಿಸಿದ್ರೆ ಎರಡೂ ದೀಪ ಬಂದ್." ಆತ ಚಕ್ರವನ್ನು ಮೇಲಕ್ಕೆ ಒತ್ತಿದ. ಟಿಕ್ ಎಂದಿತು, ಎಲ್ಲ ದೀಪಗಳೂ ಹತ್ತಿದವು. "ತಾನಾಗೇ ತಿರುಗೋದಲ್ಲ ಇದು. ಬಿಗಿ ನೋಡಿ."

ಇನ್ಯಾರು ತಿರುಗಿಸುತ್ತಾರೆ? ದಿನಾ ಬೆಳಿಗ್ಗೆ ಬಟ್ಟೆ ಹಿಡಿದು ಡ್ಯಾಶ್‌ಬೋರ್ಡು ಒರೆಸುವ ಕೈ ಒಂದೇ. ಅದು ಹೆಂಡತಿಯ ಕೈ.

ಆ ಸಂಜೆ ಗೇಟಿನ ಬಳಿ ದೀಪ ಹಾಕಿ ಅವಳತ್ತ ತಿರುಗಿದ. "ಯಾಕೆ ಹೀಗೆ ಮಾಡ್ದೆ?"

ಅವಳು ತಡವರಿಸಲಿಲ್ಲ. "ಅಂಗಳದಲ್ಲಿ ನೀನೂ ಆ ಮೀಸೆಯವನೂ ಮಾತಾಡಿದ್ದು ಕಿಟಕಿಯಿಂದ ನೋಡ್ದೆ. ಅವನ ಮೀಸೆ ಅಡ್ಡ ಬಂತು, ನಿನ್ನ ತುಟಿ ಓದಿದ್ದೇ ಸಾಕಾಯ್ತು."

"ಬೇಡ ಅಂತ ಹೇಳಬಹುದಿತ್ತಲ್ಲ!"

"ನೀನು ಶುರು ಮಾಡಿದ್ರೆ ನನ್ನ ಸರದಿ ಯಾವಾಗ ಬರುತ್ತೆ? ದೀಪ ಇಲ್ದಿದ್ರೆ ನೀನು ಆ ಮಾತು ಹೇಳೋಕಾಗಲ್ಲ. ಹೇಳೋವರೆಗೆ ವ್ಯಾನು ನಮ್ದೇ ಅನ್ಕೊಂಡೆ." ಅವಳ ದನಿ ಏರಿತು. ಎಷ್ಟು ಏರಿತೆಂದು ಅವಳಿಗೆ ತಿಳಿಯದು. "ಮನೇಲಿ ಎಲ್ರೂ ಒಟ್ಟಿಗೆ ಮಾತಾಡ್ತಾರೆ. ಯಾರ ಮುಖ ಅಂತ ನೋಡ್ಲಿ? ಎಲ್ರೂ ನಕ್ಕ ಮೇಲೆ ನಾನೂ ನಗ್ತೀನಿ, ಯಾಕೆ ಅಂತ ಗೊತ್ತಿಲ್ದೆ. ನನ್ನ ಕಡೆ ತಿರುಗಿ ಒಬ್ರು ಮಾತಾಡೋದು ಈ ವ್ಯಾನಲ್ಲಿ ಮಾತ್ರ ಕಣೋ."

ಅವಳು ಹಾಗೆ ನಗುವುದನ್ನು ಅವನೂ ದಿನಾ ನೋಡಿದ್ದ, ಖುಷಿಯಾಗಿದ್ದಾಳೆ ಎಂದುಕೊಂಡಿದ್ದ.

ರೈಲು ಹಾದುಹೋಯಿತು. ಅವನು ಫೋನು ತೆಗೆದು ಮೀಸೆಯವನಿಗೆ ಹಚ್ಚಿದ. ಬೆಳಕು ತನ್ನ ತುಟಿಯ ಮೇಲೆ ಬೀಳುವಂತೆ ಅವಳ ಕಡೆಗೇ ಕೂತು, ಒಂದೊಂದೇ ಮಾತು ಬಿಡಿಸಿ ಹೇಳಿದ:

"ನಾಳೆ ಬರಬೇಡಿ. ವ್ಯಾನು ಕೊಡಲ್ಲ. ಯಾಕಾ? ಇದರ ದೀಪದ ವಿಷಯ ನಿಮಗೆ ಅರ್ಥ ಆಗಲ್ಲ ಸ್ವಾಮಿ."

ಗೇಟು ಎದ್ದಿತ್ತು. ಹಿಂದಿನವರೆಲ್ಲ ಹಾರನ್ ಬಾರಿಸುತ್ತಿದ್ದರು. ಅವಳಿಗೆ ಅದು ಕೇಳಿಸಲಿಲ್ಲ, ಅವನು ಕೇಳಿಸಿಕೊಳ್ಳಲಿಲ್ಲ.